ಇಳಕಲ್ಲಿಗೆ ಓಡಿದ ಅಳಿಯ

ಮನುಷ್ಯ ಕುಡಿದರೆ ಹೆಂಡತಿ ಬೈಯುವುದು ನ್ಯಾಯ. ನಾನು ಓಡಿದ್ದಕ್ಕೆ ಬೈಸಿಕೊಂಡವನು.

ಎಂಬತ್ತೆರಡನೇ ಇಸವಿಯ ಮಾತು. ಬಿಜಾಪುರದಲ್ಲಿ ನೂರು ಕಿಲೋಮೀಟರಿನ ಓಟವೊಂದನ್ನು ಏರ್ಪಡಿಸಿದ್ದರು. ಬಾದಾಮಿಯ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ನಾನು ಆರು ತಿಂಗಳಿಂದ ಮಹಾಕೂಟದ ಗುಡ್ಡ ಹತ್ತಿ ಇಳಿದು ತಾಲೀಮು ನಡೆಸಿದ್ದೆ.

"ರೀ, ನಿಮ್ಮ ಬೆನ್ನಿಗೇನ್ ಚಿರತಿ ಬಿದ್ದೈತೇನ್ರಿ?" ಎಂದು ನನ್ನ ಅರ್ಧಾಂಗಿ ಬನಶಂಕರಿ ದಿನಾ ಕೇಳುವಳು.

"ಇದು ತಾಲೀಮು. ನಿನಗ ತಿಳಿಯಂಗಿಲ್ಲ."

"ಬಸ್ ಇದ್ದಾಗ ಓಡೂದು ತಿಳಿಯಂಗಿಲ್ಲ ಬಿಡ್ರಿ. ಆದ್ರ ಈ ಚಡ್ಡಿ ಮ್ಯಾಲ ನನ್ನ ತವರು ಮಂದಿ ಕಣ್ಣಿಗೆ ಬಿದ್ದೀರಿ ಅಂದ್ರ ನೋಡ್ರಿ ಮತ್ತ!"

ಹೀಗೆ ಆಜ್ಞೆ ಹೊರಡಿಸಿ ಆಕೆ ತಂಗಿಯ ಬಾಣಂತನಕ್ಕೆಂದು ಇಳಕಲ್ಲಿಗೆ ಹೋದಳು.

ಬಿಜಾಪುರದವರದೊಂದು ಷರತ್ತಿತ್ತು. ಒಂದೇ ದಿನದಲ್ಲಿ ಅರವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದಂತೆ ಓಡಿ ಊರು ಮುಟ್ಟಿದ್ದನ್ನು ಕಣ್ಣಾರೆ ಕಂಡ ಗಣ್ಯರೊಬ್ಬರು ಫಾರ್ಮಿನ ಮೇಲೆ ಸಹಿ ಮಾಡಬೇಕು. ಫಾರ್ಮು ಸೋಮವಾರ ತಲುಪದಿದ್ದರೆ ಓಟವಿಲ್ಲ. ನನಗೆ ಗೊತ್ತಿದ್ದ ಗಣ್ಯರು ಒಬ್ಬರೇ: ಇಳಕಲ್ಲಿನ ನನ್ನ ಮಾವ, ನಿವೃತ್ತ ಹೆಡ್ ಮಾಸ್ತರು ರಾಚಯ್ಯನವರು. ಬಾದಾಮಿಯಿಂದ ಅಲ್ಲಿಗೆ ಗುಡ್ಡದ ದಾರಿ ಹಿಡಿದರೆ ಎಪ್ಪತ್ತು ಕಿಲೋಮೀಟರು. ಮೊದಲೇ ತಿಳಿಸಿದರೆ ಬನಶಂಕರಿ ಬಿಡುವವಳಲ್ಲ. ಸುದ್ದಿ ಕೊಡದೆ, ಭಾನುವಾರ ಬೆಳಗಿನ ನಾಲ್ಕಕ್ಕೆ, ಅವ್ವನಿಗೆ ಮಾತ್ರ ಹೇಳಿ ಹೊರಟೆ.

ಮಹಾಕೂಟದ ಕಲ್ಲುಹಾದಿ, ಪಟ್ಟದಕಲ್ಲು, ಹೊಳೆಯ ದಂಡೆ, ಐಹೊಳೆ, ಅಮೀನಗಡ ಎಲ್ಲ ದಾಟಿ ಹುನಗುಂದ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಅಲ್ಲಿ ರಸ್ತೆಗೆ ಹತ್ತಿಯೇ ನನ್ನ ಹೆಂಡತಿಯ ಸೋದರತ್ತೆ ಸಿದ್ದಲಿಂಗವ್ವನ ಮನೆ. ಆಕೆ ಬಾಗಿಲಲ್ಲೇ ಕೂತಿದ್ದರು.

"ಅಯ್ಯ, ಬಸಯ್ಯ! ಯಾಕಪಾ ಓಡಾಕತ್ತಿ? ಒಳಗ ಬಾ, ನೀರು ಕುಡಿ!"

ಒಮ್ಮೆ ನಿಂತರೆ ಕಾಲು ಮತ್ತೆ ಏಳುವುದಿಲ್ಲ. ಕಣ್ಣಿಗಿಳಿದ ಬೆವರನ್ನು ಟವೆಲ್ಲಿನಿಂದ ಒರೆಸಿಕೊಳ್ಳುತ್ತ ಕೂಗಿದೆ: "ನೀರು ಬ್ಯಾಡ್ರಿ ಅತ್ತಿ! ಒಳಗ ಬರೂ ಹಂಗಿಲ್ಲ, ಲಗೂನ ಇಳಕಲ್ಲ ಮುಟ್ಟಬೇಕು!"

"ನಿಮ್ಮವ್ವ ಹೆಂಗದಾಳಪಾ?"

"ಅವ್ವಂದೆಲ್ಲಾ ಮಾವಗ ಹೇಳ್ತೇನ್ರಿ!"

ನಮ್ಮ ಕಡೆ ಸಾವಿನ ಸುದ್ದಿ ತಂದವನು ಪರರ ಹೊಸ್ತಿಲು ತುಳಿಯುವುದಿಲ್ಲ, ನೀರು ಮುಟ್ಟುವುದಿಲ್ಲ. ಇದು ನನಗೆ ಗೊತ್ತಿತ್ತು. ನೆನಪಾಗಲಿಲ್ಲ, ಅಷ್ಟೆ. (ಐವತ್ತೆಂಟು ಕಿಲೋಮೀಟರು ಓಡಿದವನ ತಲೆ ಕಾಲಿಗಿಂತ ಮೊದಲೇ ದಣಿದಿರುತ್ತದೆ.)

ಊರ ಹೊರಗೆ ಇಳಕಲ್ಲಿನ ಬಸ್ಸು ನನ್ನ ಪಕ್ಕಕ್ಕೇ ಬಂದು ನಿಂತಿತು. ಕಿಟಕಿಯಲ್ಲಿ ಸಿದ್ದಲಿಂಗವ್ವ. "ಹತ್ತೋ ನನ್ನಪ್ಪ!" ಎಂದು ಎದೆ ಬಡಿದುಕೊಂಡರು. ಹತ್ತಿದರೆ ತಾಲೀಮು ಮಣ್ಣುಪಾಲು. ಹಲ್ಲು ಕಿರಿದು, ಒಲ್ಲೆನೆಂದು ಕೈಯಾಡಿಸಿದೆ.

"ಪಾಪ, ದುಃಖಕ್ಕ ತಲಿ ತಿರುಗೈತಿ," ಎಂದು ಆಕೆ ಕಂಡಕ್ಟರನಿಗೆ ಹೇಳಿದ್ದು ಕೇಳಿಸಿತು. ನನ್ನ ದಣಿವು ಕಂಡು ಮರುಗುತ್ತಿದ್ದಾರೆ ಅಂದುಕೊಂಡೆ.

ಮೂರು ಗಂಟೆಗೆ ಇಳಕಲ್ಲು! ಆದರೆ ಮಾವನ ಮನೆಗೆ ಬೀಗ. ಪಕ್ಕದ ಕಟ್ಟೆಯ ಮೇಲೆ ಸೀರೆಯ ನೂಲು ಸುತ್ತುತ್ತಿದ್ದ ಮಕ್ತುಮಬಿ ನನ್ನನ್ನು ಕಂಡವರೇ ರಾಟೆ ಬಿಟ್ಟು ಓಡಿಬಂದರು.

"ಅಯ್ಯ, ನೀವಿಲ್ಲೇ ಅದೀರೇನ್ರಿ! ಬಾಣಂತಿ, ಕೂಸು ಸೈತ ಎಲ್ಲಾರೂ ಜೀಪು ಮಾಡ್ಕೊಂಡು, ಲಗೂ ಆಗ್ತೈತಂತ ಒಳದಾರಿ ಹಿಡಿದು ಬಾದಾಮಿಗೆ ಹೋದ್ರು. ನಿಮ್ಮ ಅವ್ವಾರು ತೀರಿಕೊಂಡ್ರಂತಲ್ರಿ!"

"ಯಾರ್ ಹೇಳಿದ್ರು?"

"ಹುನಗುಂದಕ್ಕ ಒಬ್ಬಾಂವ ಓಡಿಕೋತ ಬಂದಿದ್ನಂತ್ರಿ. ನೀರು ಸೈತ ಮುಟ್ಟಲಿಲ್ಲಂತ."

ಬೆಳಗಿನ ನಾಲ್ಕಕ್ಕೆ ಬೈದು ಕಳಿಸಿದ ಅವ್ವ! ಮಕ್ತುಮಬಿಯೇ ಕೈಹಿಡಿದು ಬಸ್ಸು ಹತ್ತಿಸಿದರು. ದಾರಿಯುದ್ದಕ್ಕೂ ಅಳುತ್ತಲೇ ಇದ್ದೆ. ನಡುನಡುವೆ, ಆ ಬಿಸಿಲಲ್ಲಿ ಸುದ್ದಿ ಹೊತ್ತು ಓಡಿದ ಪುಣ್ಯಾತ್ಮ ಯಾರೋ ಎಂದು ಮನಸ್ಸಿನಲ್ಲೇ ಅವನಿಗೆ ಕೈಮುಗಿದೆ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದರೆ, ಪಡಸಾಲೆಯ ತುಂಬ ಅತ್ತು ಕಣ್ಣು ಕೆಂಪಾದ ಬೀಗರು. ನಡುವೆ ನಮ್ಮವ್ವ ಗುರುಲಿಂಗವ್ವ ಅವರಿಗೆಲ್ಲ ರೊಟ್ಟಿ, ಪುಂಡಿಪಲ್ಲೆ ಬಡಿಸುತ್ತಿದ್ದಾಳೆ.

"ಬಾರಪಾ ಮಗನ," ಎಂದಳು ಅವ್ವ. "ಹದಿನಾಲ್ಕು ಮಂದಿ ಬಂದ ಮ್ಯಾಲ ನಾ ಸತ್ತದ್ದು ನನಗೂ ಗೊತ್ತಾತು. ನಿನಗ್ಯಾರ್ ಹೇಳಿದ್ರು?"

ಬನಶಂಕರಿ ನನ್ನ ಚಡ್ಡಿಯನ್ನು ಮೇಲಿಂದ ಕೆಳಗೆ ನೋಡಿದಳು. "ಅತ್ತಿ ಬದುಕ್ಯಾರ್ರಿ. ಹುನಗುಂದದಾಗ ನನ್ನ ಮರ್ಯಾದಿ ಸತ್ತೈತಿ."

ಸೋಮವಾರ ಇನ್ನೂ ಬಂದಿರಲಿಲ್ಲ. ಬೆವರಿಗೆ ಮೆತ್ತಗಾಗಿದ್ದ ಫಾರ್ಮನ್ನು ಬಿಡಿಸಿ ಮಾವನ ಮುಂದೆ ಹಿಡಿದೆ. ಅವರು ಚಷ್ಮಾ ಏರಿಸಿ, ಮಕ್ಕಳ ಉತ್ತರಪತ್ರಿಕೆ ತಿದ್ದುವಂತೆ ಅಕ್ಷರ ಅಕ್ಷರ ಓದಿದರು.

"ಅಳಿಯಂದ್ರ, 'ಇಳಕಲ್ಲಿಗೆ ಓಡಿ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ' ಅಂತ ಐತಿ ಇಲ್ಲಿ. ನಾ ಎಲ್ಲಿ ಕಂಡೇನ್ರಿ? ನಾ ಕಂಡದ್ದು ನೀವು ಬಸ್ ಇಳಿದು, ಕುಂಟಿಕೋತ, ಅಳಕೋತ ಬಾದಾಮಿಗೆ ಬಂದದ್ದು." ಕಿಸೆಯಿಂದ ಪೆನ್ನು ತೆಗೆದರು. "ಬೇಕಾದ್ರ ಅದನ್ನ ಬರದು ಸಹಿ ಮಾಡ್ತೇನ್ರಿ."