ಐವತ್ತು ಕಾಲಿನ ಅಲಾರಂ

ಪ್ರೂಫ್ ರೀಡರ್ ಸಾಹೇಬರ ಮನೆಯ ಟ್ಯಾಂಕು ಮೂರನೆಯ ಸಲ ತುಂಬಿ ಹರಿದಾಗ, ಕೆಳಗೆ ಅಂಗಳದಲ್ಲಿ ಮನೆ ಮಾಲೀಕರು ಪೇಪರ್ ಓದುತ್ತಿದ್ದರು. ಮೊದಲು ಪೇಪರ್ ನೆನೆಯಿತು, ಆಮೇಲೆ ಮಾಲೀಕರು.

"ಇನ್ನೊಂದ್ಸಲ ಹೀಗಾದ್ರೆ ಬೇರೆ ಮನೆ ನೋಡ್ಕೊಳ್ಳಿ!"

"ಪಂಪು ಹಾಕಿ ಮರೆಯೋದು ನೀವು, ಬೈಸ್ಕೊಳ್ಳೋದು ನಾನು," ಎಂದು ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ ಸಿಡುಕಿದಳು.

ಸಾಹೇಬರಿಗೆ ಅವಮಾನವಾಗಬೇಕಿತ್ತು, ಉತ್ಸಾಹ ಬಂತು. ಎಲೆಕ್ಟ್ರಾನಿಕ್ಸ್ ಅವರ ಹವ್ಯಾಸ (ಹೆಂಡತಿಯ ಭಾಷೆಯಲ್ಲಿ ಹುಚ್ಚು). "ಟ್ಯಾಂಕು ತುಂಬಿದ ಕೂಡ್ಲೇ ಅಲಾರಂ ಕೂಗಬೇಕು, ಪಂಪು ತಾನಾಗೇ ನಿಲ್ಲಬೇಕು! ಅಂಥ ಸರ್ಕ್ಯೂಟ್ ಬೋರ್ಡ್ ನಾನೇ ಮಾಡ್ತೀನಿ ಕಣೇ!"

ನಕ್ಷೆ ಬರೆಯಲು ಅಗ್ಗದ ಸಾಫ್ಟ್‌ವೇರೊಂದನ್ನು ಕಂಪ್ಯೂಟರಿಗೆ ಇಳಿಸಿಕೊಂಡರು. ಅದರ ಕಟ್ಟಳೆಗಳು ಒಂದೆರಡಲ್ಲ. ಬೋರ್ಡು ಅಂಗೈಗಿಂತ ದೊಡ್ಡದಿರಕೂಡದು. ಬಿಡಿಭಾಗಗಳಿಗೆ ಬೆಸುಗೆ ಹಾಕುವ ಲೋಹದ ಕಾಲುಗಳೆಲ್ಲ ಸೇರಿ ಐವತ್ತು ಮೀರಕೂಡದು. ಪಂಪು ನಿಲ್ಲಿಸುವ ರಿಲೇ ಸೇರಿಸಹೋದರೆ ಲೆಕ್ಕ ಐವತ್ತೈದಾಗಿ, ಪರದೆ ಕೆಂಪಗೆ ಕೆರಳಿತು.

"ರಿಲೇ ಬೇಡ ಬಿಡು. ಅಲಾರಂ ಕೂಗಿದ್ರೆ ಸಾಕು. ಸ್ವಿಚ್ ಆರಿಸೋಕೆ ಮನುಷ್ಯರಿಲ್ವೇ?"

ನಕ್ಷೆಯ ತಪ್ಪು ಹುಡುಕಿಕೊಡುವ ಸೌಲಭ್ಯ ದುಬಾರಿ ಆವೃತ್ತಿಯಲ್ಲಿ ಮಾತ್ರವಂತೆ. ಸಾಹೇಬರು ಗಹಗಹಿಸಿ ನಕ್ಕರು. "ಇಪ್ಪತ್ತೆರಡು ವರ್ಷದಿಂದ ಪ್ರೆಸ್ಸಲ್ಲಿ ತಪ್ಪು ಹುಡುಕ್ತಿರೋನು ನಾನು. ನನಗೇ ಹುಡುಕಿಕೊಡುತ್ತಂತೆ!"

ಅಲಾರಂ ನಡೆಸಲು ಅವರ ಬಳಿಯಿದ್ದ ಎಲೆಕ್ಟ್ರಾನಿಕ್ ಚಿಪ್ಪಿನ ಚಿತ್ರವೂ ಆ ಸಾಫ್ಟ್‌ವೇರಲ್ಲಿರಲಿಲ್ಲ. ಚಿಪ್ಪನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಹದಿನಾಲ್ಕು ಕಾಲುಗಳನ್ನೂ ನೋಡಿ ನೋಡಿ ತಾವೇ ಬರೆದರು.

ಹತ್ತು ದಿನದ ಮೇಲೆ ಬೋರ್ಡು ಅಚ್ಚಾಗಿ ಬಂತು. ಎಳೆಕೂಸಿನಂತೆ ಎತ್ತಿಕೊಂಡು, ಬೆಸುಗೆ ಹಾಕಿ, ಕರೆಂಟು ಕೊಟ್ಟು, ಅದರ ತಂತಿಯನ್ನು ಚೊಂಬಿನ ನೀರಿಗೆ ಅದ್ದಿದರು. ಗಪ್‌ಚಿಪ್.

"ಅಂತೂ ಕೈಗೆ ಚಿಪ್ಪೇ ಬಂತಾ?" ಎನ್ನುತ್ತ ಹೆಂಡತಿ ಬಂದು ನಕ್ಷೆಯನ್ನೂ ಚಿಪ್ಪನ್ನೂ ಪಕ್ಕಪಕ್ಕ ಹಿಡಿದು ನೋಡಿದಳು. "ಅಂಗಾತ ಮಲಗಿಸಿ ಬರೆದ್ರಾ? ಎಡದ್ದೆಲ್ಲ ಬಲಕ್ಕೆ ಹೋಗಿದೆ. ರವಿಕೆಯ ಬಲತೋಳಿನ ಜಾಗಕ್ಕೆ ಎಡತೋಳು ಕತ್ತರಿಸಿದ ಹಾಗೆ. ಬೋರ್ಡಿನ ಹಿಂದುಗಡೆಯಿಂದ ಕೂರಿಸಿ ನೋಡಿ."

ಕೂರಿಸಿ, ತಂತಿಯನ್ನು ಮತ್ತೆ ನೀರಿಗೆ ಅದ್ದಿದರು. ಅಲಾರಂ ಕಿವಿ ಹರಿಯುವಂತೆ ಕೂಗಿತು! ಸಾಹೇಬರು ಹೆಂಡತಿಯ ಕೈ ಹಿಡಿದು ಎರಡು ಸುತ್ತು ಕುಣಿದರು.

ಮರುದಿನ ಬೆಳಿಗ್ಗೆ ಅಲಾರಂ ಟ್ಯಾಂಕಿನ ಮೇಲೇರಿತು. ಪಂಪು ಹಾಕಿ, ಹೆಂಡತಿಯನ್ನೂ ಕರೆದುಕೊಂಡು ಸಾಹೇಬರು ಕೆಳಗಿಳಿದು, ಮಾಲೀಕರ ಪಕ್ಕ ಎದೆಯುಬ್ಬಿಸಿ ನಿಂತರು. ಹದಿನೆಂಟನೆಯ ನಿಮಿಷಕ್ಕೆ ಮೇಲಿಂದ ಕೂಗು ಕೇಳಿತು.

"ಭೇಷ್!" ಮಾಲೀಕರು ಚಪ್ಪಾಳೆ ತಟ್ಟಿದರು. "ಪಂಪು ತಾನಾಗೇ ನಿಲ್ಲುತ್ತೋ?"

"ಅದಕ್ಕೆ ಇನ್ನೂ ಐದು ಕಾಲು ಬೇಕಿತ್ತು ಸಾರ್. ಏನಾಗುತ್ತೆ ಅಂದ್ರೆ, ಆ ಸಾಫ್ಟ್‌ವೇರಲ್ಲಿ..."

ವಿವರಣೆ ಮುಗಿಯುವ ಮೊದಲೇ ನೀರು ಇಳಿಯಿತು, ಇಬ್ಬರ ತಲೆಯ ಮೇಲೂ.

"ನಿಮ್ಗೆ ಎರಡು ಕಾಲಿದೆಯಲ್ಲ, ಓಡ್ರೀ!" ಹೆಂಡತಿ ಕಿರುಚಿದಳು.

ಓಡಿ, ಸ್ವಿಚ್ ಆರಿಸಿ, ಮನೆ ಹೋಯಿತೆಂದುಕೊಂಡೇ ಸಾಹೇಬರು ಕೆಳಗಿಳಿದರು. ಮಾಲೀಕರು ಅಂಗಿಯ ಒದ್ದೆ ತೋಳು ಹಿಂಡಿಕೊಳ್ಳುತ್ತ ಸಾಹೇಬರ ಹೆಂಡತಿಗೆ ಹೇಳುತ್ತಿದ್ದರು: "ಮನೆ ಖಾಲಿ ಮಾಡೋದು ಬೇಡಮ್ಮ. ಆದ್ರೆ ಇನ್ಮೇಲೆ ಪಂಪು ಹಾಕೋದೂ ನೀವೇ, ಆರಿಸೋದೂ ನೀವೇ. ಮೊದ್ಲು ಆ ಅರಚಾಟ ನಿಲ್ಸಿ."

ಅಲಾರಂ ಇನ್ನೂ ಕೂಗುತ್ತಲೇ ಇತ್ತು. ಅದನ್ನು ನಿಲ್ಲಿಸುವ ಗುಂಡಿಗೂ ಆ ಐವತ್ತು ಕಾಲುಗಳಲ್ಲಿ ಜಾಗ ಸಿಕ್ಕಿರಲಿಲ್ಲ.

"ಟ್ಯಾಂಕಿನ ನೀರು ಇಳಿದ್ರೆ ತಾನಾಗೇ ನಿಲ್ಲುತ್ತೆ," ಎಂದರು ಸಾಹೇಬರು ಮೆಲ್ಲಗೆ.

ಹೆಂಡತಿ ಒಳಗೆ ಹೋಗಿ, ವಾರದ ಮೈಲಿಗೆ ಬಟ್ಟೆಯ ಬುಟ್ಟಿಯನ್ನು ಸೋಪಿನ ಸಮೇತ ತಂದು ಗಂಡನ ಕೈಗಿಟ್ಟಳು.