ಪ್ರಾರ್ಥನೆಯ ನಡುವೆ ಬಂದ ಗಂಟು

ಪಾಸ್ಟರ್ ಮಿಲ್ಟನ್ ಅವತ್ತು ಇಡೀ ರಾಜ್ಯಕ್ಕೆ ಸೇರಿಸಿ ಒಂದೇ ಪ್ರಾರ್ಥನೆ ಮಾಡಿ ಮುಗಿಸಿದ್ದರೆ ಈ ರಾದ್ಧಾಂತವೇ ಆಗುತ್ತಿರಲಿಲ್ಲ. ಅವರು ಹಾಗೆ ಬಿಡುವ ಪೈಕಿ ಅಲ್ಲ. ನಮ್ಮ ನಾರ್ತ್ ಡಕೋಟಾದಲ್ಲಿ ಐವತ್ತಮೂರು ಕೌಂಟಿಗಳಿವೆ. ಒಂದೊಂದರ ಹೆಸರನ್ನೂ ಎತ್ತಿ, ಅಲ್ಲಿಯ ಗಂಡಹೆಂಡಿರನ್ನೂ ಮಕ್ಕಳುಮರಿಯನ್ನೂ ಇನ್ನೂ ಹುಟ್ಟದ ಕೂಸುಗಳನ್ನೂ ದೇವರ ಕೈಗೆ ಒಪ್ಪಿಸಿದ ಮೇಲೆಯೇ ಅವರಿಗೆ ಸಮಾಧಾನ. ಅದೂ ಅಕ್ಷರಮಾಲೆಯ ಕ್ರಮದಲ್ಲಿ.

ಬಿಸ್ಮಾರ್ಕಿನ ಶಾಸನಸಭೆಯ ಕಟ್ಟಡದಲ್ಲಿ ಅವತ್ತು ಕುಟುಂಬ ದಿನ. ಹೊರಗೆ ಉಗುಳಿದರೆ ಉಗುಳು ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವಂಥ ಚಳಿ. ಒಳಗೆ ಹಾಲಿನ ತುಂಬ ಚರ್ಚಿನ ಹೆಂಗಸರು, ಕೈಕೂಸುಗಳು, ಸೆನೆಟರ್‌ಗಳ ಬಾಯಿ ಸಿಹಿ ಮಾಡಲು ತಂದ, 'ಬಾರ್' ಎಂದು ನಾವು ಕರೆಯುವ ಸಿಹಿತುಂಡುಗಳು, ಹೊಟ್ಟೆ ತುಂಬಿಸಲು ತಂದ ಹಾಟ್‌ಡಿಶ್‌ಗಳು. ಮಾಂಸ, ಅಣಬೆ ಸೂಪು, ಮೇಲೆ ಆಲೂಗಡ್ಡೆ ಹಾಕಿ ಬೇಯಿಸಿ, ಬಿಸಿ ಆರದಿರಲೆಂದು ಹೊಲಿದ ಕೌದಿಯಲ್ಲಿ ಸುತ್ತಿ ತರುವ ಈ ಹಾಟ್‌ಡಿಶ್ ಇಲ್ಲದೆ ನಮ್ಮಲ್ಲಿ ಹುಟ್ಟೂ ಇಲ್ಲ, ಸಾವೂ ಇಲ್ಲ, ಮಸೂದೆಯೂ ಇಲ್ಲ.

ಇದರ ಮಧ್ಯೆ ಬೆವರುತ್ತ ನಿಂತಿದ್ದವನು ಲೋವೆಲ್ ಟ್ವೇಟ್. ಹುಲ್ಲುಬಯಲು ಕುಟುಂಬ ಮಂಡಳಿಯ ಕಾರ್ಯದರ್ಶಿ. ಸುಖ ಸಂಸಾರ ಹೇಗೆ ನಡೆಸಬೇಕು ಎಂದು ಊರೂರಿಗೆ ಹೋಗಿ ಭಾಷಣ ಮಾಡುವವನು. ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಸಂಸಾರದ ಬಗ್ಗೆ ಮಾತಾಡಿ ಮಾತಾಡಿ ಸಂಸಾರ ಮಾಡಲು ಪುರುಸೊತ್ತೇ ಸಿಕ್ಕಿರಲಿಲ್ಲ, ಪಾಪ.

"ನೋಡು ಲೋವೆಲ್," ಎಂದು ಬೆಳಿಗ್ಗೆಯೇ ಎಚ್ಚರಿಸಿದ್ದರು ಮಂಡಳಿಯ ನಿರ್ದೇಶಕಿ ಡೆಲೋರಿಸ್ ಬ್ರೆಕ್ಕೆ. ಅವರು ಪಿಸುಗುಟ್ಟಿದರೆ ಪಕ್ಕದ ಬೀದಿಗೆ ಕೇಳುತ್ತದೆ. "ಅಪ್ಪಂದಿರ ಹೊಣೆ ಮಸೂದೆ ಇವತ್ತು ಸಮಿತೀಲಿ ಪಾಸಾಗ್ಬೇಕು. ಮಗು ಹೊಟ್ಟೇಲಿರೋವಾಗಿಂದಾನೇ ಅಪ್ಪ ಅನ್ನಿಸ್ಕೊಂಡವನು ಖರ್ಚು ಕೊಡ್ಬೇಕು, ಆಗಲೇ ತಾಯಂದಿರಿಗೆ ಮಗು ಉಳಿಸ್ಕೊಳ್ಳೋ ಧೈರ್ಯ ಬರೋದು. ಮೂರು ಜನ ನಮ್ಮ ಕಡೆ, ಮೂರು ಜನ ಆ ಕಡೆ. ಉಳಿದಿರೋದು ಅಧ್ಯಕ್ಷ ಹೌಗನ್. ಆಗಲಿಲ್ಲ ಅಂದ್ರೆ ನಾಳೆಯಿಂದ ನೀನು ನಿನ್ನ ಭಾವನ ಹಂದಿಮೇವಿನ ಅಂಗಡೀಲಿ ಮೂಟೆ ಹೊರೋದೇ ಸೈ."

"ಹೌಗನ್‌ಗೆ ನನ್ನ ಕಂಡ್ರೆ ಆಗಲ್ಲ ಮೇಡಂ. 'ಮದುವೆನೇ ಆಗದವನು ನನಗೆ ಅಪ್ಪನ ಕರ್ತವ್ಯ ಹೇಳ್ಕೊಡ್ತಾನಾ' ಅಂತ ಹೋದ ಸಲ ಎಲ್ಲರ ಮುಂದೆ ಅಂದ್ರಲ್ಲ."

"ಅವರು ಅಂದಿದ್ರಲ್ಲಿ ತಪ್ಪೇನಿದೆ?" ಎಂದರು ಡೆಲೋರಿಸ್.

ಹೀಗಾಗಿ ಪ್ರಾರ್ಥನೆಯ ವೃತ್ತದಲ್ಲಿ ಲೋವೆಲ್ ಬೇಕೆಂದೇ ಸೆನೆಟರ್ ವರ್ಲಿನ್ ಹೌಗನ್ ಅವರ ಪಕ್ಕದಲ್ಲಿ ನಿಂತುಕೊಂಡ. ಹೌಗನ್ ಅಂದರೆ ಎತ್ತರದ ಆಳು, ಬಿಳಿ ಹುಬ್ಬು, ಗುಡುಗಿನ ಗಂಟಲು. ಬೆಳಗಿನಿಂದ ಅವರು ಜನ ಕೊಟ್ಟ ಕೂಸುಗಳನ್ನೆಲ್ಲ ಎತ್ತಿ, ಹಲ್ಲು ಕಿಸಿದು, ಫೋಟೋ ತೆಗೆಸಿಕೊಂಡು ಮುಂದಿನವರಿಗೆ ದಾಟಿಸುತ್ತಿದ್ದರು. ಎಷ್ಟೋ ಚುನಾವಣೆ ಗೆದ್ದ ಕೈಗಳು ಅವು. ಲೋವೆಲ್‌ನ ಇನ್ನೊಂದು ಪಕ್ಕದಲ್ಲಿ ಅವನ ಎದುರುಮನೆಯ ಹೇಝಲ್ ಆಂಟಿ. ಅವರ ಹಾಟ್‌ಡಿಶ್ ಇಡೀ ಕೌಂಟಿಗೇ ಹೆಸರುವಾಸಿ. ಎಲ್ಲರೂ ಕೈ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದರು.

ಪ್ರಾರ್ಥನೆಯ ನಡುವೆ ಕಣ್ಣು ಬಿಡುವುದು ನಮ್ಮಲ್ಲಿ ಮಹಾಪರಾಧ. ಪಾಸ್ಟರ್ ಆಡಮ್ಸ್ ಕೌಂಟಿಯಿಂದ ಶುರು ಮಾಡಿದರು. ಬಾರ್ನ್ಸ್ ಕೌಂಟಿ ದಾಟಿತು, ಕ್ಯಾಸ್ ಕೌಂಟಿ ದಾಟಿತು. ಮೆಕ್‌ಹೆನ್ರಿ ಕೌಂಟಿಗೆ ಬರುವ ಹೊತ್ತಿಗೆ ಲೋವೆಲ್‌ನ ಕಾಲು ಜೋಮು ಹಿಡಿದಿತ್ತು. ಆಗ ಹಿಂದೆ ಎಲ್ಲೋ ಯಾರೋ ಹೆಂಗಸು ಪಿಸುಗುಟ್ಟಿದ್ದು ಕೇಳಿಸಿತು. ಹೌಗನ್ ಒಂದು ನಿಮಿಷ ಅವನ ಕೈ ಬಿಟ್ಟರು, ಮೂಗು ಒರೆಸಿಕೊಳ್ಳಲು ಇರಬೇಕು. ಅಷ್ಟರಲ್ಲಿ ಲೋವೆಲ್‌ನ ಎದೆಗೆ ಏನೋ ಭಾರವಾದದ್ದು ಬಂದು ಒರಗಿತು. ಮೆತ್ತಗಿನ ಕೌದಿ ಸುತ್ತಿದೆ, ಒಳಗೆ ಬೆಚ್ಚಗಿದೆ. ಹೇಝಲ್ ಆಂಟಿಯ ಹಾಟ್‌ಡಿಶ್, ಪಾಪ ಹೊತ್ತೂ ಹೊತ್ತೂ ಕೈ ಸೋತಿರಬೇಕು ಅಂದುಕೊಂಡು ಲೋವೆಲ್ ಭಕ್ತಿಯಿಂದ ತಬ್ಬಿಕೊಂಡ.

ಕೊನೆಗೂ ವಿಲಿಯಮ್ಸ್ ಕೌಂಟಿ ಮುಗಿದು ಆಮೆನ್ ಬಂತು. ಹೌಗನ್ ಆಗಲೇ ಸಮಿತಿ ಕೋಣೆಯ ಕಡೆ ದಾಪುಗಾಲು ಹಾಕಿದ್ದರು. ಲೋವೆಲ್ ಗಂಟನ್ನು ತಂದು ಊಟದ ಮೇಜಿನ ಮೇಲೆ, ಎರಡು ಹಾಟ್‌ಡಿಶ್‌ಗಳ ನಡುವೆ ಜಾಗ ಮಾಡಿ ಇಟ್ಟ.

ಹಾಟ್‌ಡಿಶ್ ಸೀನಿತು.

ಲೋವೆಲ್ ಕೌದಿ ಸರಿಸಿ ನೋಡಿದ. ಕರಡಿ ಕಿವಿಯ ಟೋಪಿಯೊಳಗಿಂದ ಎರಡು ನೀಲಿ ಕಣ್ಣು, ಒಂದು ಕೆಂಪು ಮೂಗು.

"ಆಂಟೀ! ಹೇಝಲ್ ಆಂಟೀ! ಇದು ನಿಮ್ಮದಾ?"

"ನಂಗೀಗ ಎಪ್ಪತ್ತೆಂಟು ವರ್ಷ ಕಣೋ!" ಎಂದರು ಹೇಝಲ್ ಆಂಟಿ. ಆಮೇಲೆ ಹತ್ತಿರ ಬಂದು ಕೂಸನ್ನೂ ಅವನನ್ನೂ ನೋಡಿದರು. ಅವರ ಮುಖದಲ್ಲಿ ಏನೋ ಹೊಳೆದಂತಾಯಿತು. "ಲೋವೆಲ್... ಅಯ್ಯೋ ಮಗನೇ. ನಂಗಾದ್ರೂ ಹೇಳ್ಬಾರದಿತ್ತಾ?"

"ಏನು ಹೇಳೋದು? ಯಾರೋ ಕೊಟ್ಟುಹೋದ್ರು!"

"ಹಂಗೇ ಅಲ್ವಾ, ಕೊಟ್ಟುಹೋಗಿರ್ತಾರೆ," ಎಂದು ಕಣ್ಣೊರೆಸಿಕೊಂಡ ಹೇಝಲ್ ಆಂಟಿ, ಸುದ್ದಿಯನ್ನು ತಾವೊಬ್ಬರೇ ಹೊರಲಾರದೆ ಅತ್ತ ನಡೆದರು.

ಕೂಸನ್ನು ಎತ್ತಿಕೊಂಡು ಲೋವೆಲ್ ಹಾಲ್ ಪೂರ್ತಿ ಸುತ್ತಿದ. ಕಂಡ ಕಂಡ ಹೆಂಗಸರನ್ನೆಲ್ಲ "ಇದು ನಿಮ್ಮ ಮಗುನಾ" ಎಂದು ಕೇಳಿದ. ಅಲ್ಲ ಎನ್ನುವುದರ ಜೊತೆಗೆ ಒಬ್ಬೊಬ್ಬರೂ ಒಂದೊಂದು ಉಪದೇಶ ಕೊಟ್ಟರು. ತಲೆಗೆ ಕೈ ಕೊಟ್ಟು ಹಿಡಿ ಎಂದರು ಒಬ್ಬರು. ಭುಜದ ಮೇಲೆ ಹಾಕಿ ತೇಗಿಸು ಎಂದರು ಇನ್ನೊಬ್ಬರು. ತೇಗಿಸಿದ. ಕೂಸು ತೇಗಿನ ಜೊತೆ ಹಾಲನ್ನೂ ಕಕ್ಕಿತು. ಅವನ ಜೇಬಿನಲ್ಲಿದ್ದ ಭಾಷಣ ಹಾಲು ಕುಡಿದು ಮುದ್ದೆಯಾಯಿತು.

ಸಮಿತಿ ಕೋಣೆಯ ಬಾಗಿಲಲ್ಲಿ ಕಾವಲಿನ ಡ್ವೇನ್ ಅಡ್ಡ ನಿಂತ.

"ಒಳಗೆ ಪ್ರದರ್ಶನದ ವಸ್ತು ತರೋಹಾಗಿಲ್ಲ."

"ಇದು ವಸ್ತು ಅಲ್ಲಪ್ಪಾ, ಮಗು! ಅಮ್ಮನ್ನ ಕಳ್ಕೊಂಡಿದೆ. ಮೈಕಿನಲ್ಲಿ ಕೂಗಿಸು!"

"ಸಮಿತಿ ಕೂತಿರೋವಾಗ ಮೈಕ್ ಹಾಕೋಹಾಗಿಲ್ಲ. ಮಗು ಅಂದ್ರೆ ಬ್ಯಾಡ್ಜ್ ಬೇಕು. ಲಾಬಿ ಮಾಡೋಕೆ ಬಂದಿದ್ದಾ, ಸುಮ್ನೆ ನೋಡೋಕೆ ಬಂದಿದ್ದಾ?"

"ಅದಕ್ಕೆ ನಾಲ್ಕು ತಿಂಗಳೂ ಇಲ್ಲ, ಮಾರಾಯ!"

"ಹಾಗಾದ್ರೆ ಸುಮ್ನೆ ನೋಡೋಕೆ," ಎಂದು ಡ್ವೇನ್ ಕರಡಿ ಟೋಪಿಯ ಮೇಲೆ ಸಂದರ್ಶಕರ ಚೀಟಿ ಅಂಟಿಸಿದ.

ಆಗ ಒಳಗಿನಿಂದ ಡೆಲೋರಿಸ್ ಬಂದರು. ಕೂಸನ್ನು ನೋಡಿ ಅವರ ಕಣ್ಣು ಅರಳಿತು. "ಲೋವೆಲ್! ಎಲ್ಲಿಂದ ತಂದ್ಯೋ ಇದನ್ನ? ಇಷ್ಟು ವರ್ಷದಲ್ಲಿ ಇದೊಂದು ಸಲ ತಲೆ ಓಡಿಸಿದೀಯ ನೋಡು!"

"ಮೇಡಂ, ಇದು ಯಾರದ್ದೋ..."

"ಯಾರದ್ದಾದ್ರೇನು, ಮುದ್ದಾಗಿದೆ. ನಡಿ, ನಿನ್ನ ಹೆಸರು ಕೂಗಿದ್ರು." ಬೆನ್ನಿಗೆ ಒಂದು ನೂಕು. ಲೋವೆಲ್ ಕೂಸಿನ ಸಮೇತ ಮೈಕಿನ ಮುಂದೆ ಬಂದು ನಿಂತ. ಎದುರಿಗೆ ಕ್ಯಾಮೆರಾ. ನಮ್ಮಲ್ಲಿ ಸಮಿತಿಯ ಕಲಾಪವೆಲ್ಲ ಚಿತ್ರೀಕರಣವಾಗಿ ಮನೆಮನೆಗೂ ಕಾಣಿಸುತ್ತದೆ. ಕ್ಯಾಮೆರಾದ ಹಿಂದೆ, ಮೇಜಿನ ನಟ್ಟನಡುವೆ ಹೌಗನ್ ಕೂತಿದ್ದರು.

"ಏನಯ್ಯಾ ಟ್ವೇಟ್," ಎಂದರು ಹೌಗನ್, ಕನ್ನಡಕವನ್ನು ಹಣೆಗೇರಿಸಿ. "ಆ ಮಗು ಯಾರದ್ದು? ನಿಂದಾ?"

ಲೋವೆಲ್‌ಗೆ ಸುಳ್ಳು ಹೇಳಲು ಬರುವುದಿಲ್ಲ. ನಿಜ ಹೇಳೋಣವೆಂದರೆ ಹಿಂದಿನಿಂದ ಡೆಲೋರಿಸ್ ಕೆಮ್ಮುತ್ತಿದ್ದರು.

"ಮಕ್ಕಳೆಲ್ಲ ದೇವರ ಕೊಡುಗೆ, ಸೆನೆಟರ್ರೇ."

ಹಿಂದಿನ ಸಾಲಿನಲ್ಲಿ ಯಾರೋ ಆಮೆನ್ ಎಂದರು.

"ಅದು ಸರಿ. ಇದರ ತಾಯಿ ಎಲ್ಲಿ?"

"ಅದು ಗೊತ್ತಿದ್ದಿದ್ರೆ ನಾನು ಇಷ್ಟು ಪಾಡು ಪಡ್ತಿರಲಿಲ್ಲ."

ಕೋಣೆಯಲ್ಲಿ 'ಅಯ್ಯೋ' ಎಂಬ ಸದ್ದು ಎದ್ದಿತು. ಆ ಕಡೆಯವರೆಂದು ಲೆಕ್ಕ ಹಾಕಿದ್ದ ಸೆನೆಟರ್ ಆರ್ಡಿಸ್ ಎಂಬಾಕೆ ಕರವಸ್ತ್ರ ತೆಗೆದರು.

"ಮಗುವಿನ ಹೆಸರೇನು?"

"ಗೊತ್ತಿಲ್ಲ. ಯಾಕಂದ್ರೆ..."

ಹೌಗನ್ ಸುತ್ತಿಗೆಯನ್ನು ಮೇಜಿಗೆ ಬಡಿದರು. ಕೂಸು ಬೆಚ್ಚಿತು, ಅಳಲಿಲ್ಲ. "ಯಾಕಂದ್ರೆ ಗೀಕಂದ್ರೆ ಏನೂ ಬೇಡ! ಎದೆಗೆ ಅಪ್ಪಿಕೊಂಡಿರೋ ಮಗುವಿನ ಹೆಸರು ಗೊತ್ತಿಲ್ಲ! ನಾಚಿಕೆ ಆಗಲ್ವೇನಯ್ಯಾ? ನಾನು ಈ ಮಸೂದೆಗೆ ಬೇಡ ಅನ್ನೋಣ ಅಂತಾನೇ ಬಂದಿದ್ದೆ. ಗಂಡಸಿಗೆ ತನ್ನ ಹೊಣೆ ಗೊತ್ತಿರುತ್ತೆ, ಕಾನೂನು ಯಾಕೆ ಅಂತ. ಈಗ ಕಣ್ಣಾರೆ ಕಂಡೆ! ಸ್ವಂತ ರಕ್ತದ ಮುಖ ನೋಡಿದ್ರೂ ಗುರುತು ಹಿಡೀದಿರೋ ಗಂಡಸರು ಇರ್ತಾರೆ ಈ ರಾಜ್ಯದಲ್ಲಿ!"

ಲೋವೆಲ್ ಬಾಯಿ ತೆರೆದ. ಅಷ್ಟರಲ್ಲಿ ಅವನಿಗೆ ಹೊಳೆಯಿತು. ಹೌಗನ್ ಬೈದಷ್ಟೂ ಮಸೂದೆ ಗಟ್ಟಿಯಾಗುತ್ತಿದೆ. ಹಂದಿಮೇವಿನ ಮೂಟೆ ಕಣ್ಣ ಮುಂದೆ ಬಂತು. ಬೈಯಲಿ ಎಂದು ತೆರೆದ ಬಾಯನ್ನು ಮುಚ್ಚಿಕೊಂಡು ತಲೆ ತಗ್ಗಿಸಿದ.

"ಕೈಗೆ ಬಂದ ಕೂಸನ್ನ ನೋಡೋದೂ ಇಲ್ಲ, ಪಕ್ಕದವರ ಕೈಗೆ ದಾಟಿಸಿ ಹೊರಟುಬಿಡ್ತಾರೆ!" ಹೌಗನ್ ಎದ್ದೇ ನಿಂತರು. ಅವರ ಕಣ್ಣಲ್ಲೂ ನೀರು. "ಅಂಥವನು ಗಂಡಸಲ್ಲ ಸ್ವಾಮೀ, ಗಂಡಸಲ್ಲ! ಮತಕ್ಕೆ ಹಾಕಿ!"

ಏಳಕ್ಕೆ ಏಳೂ ಮತ ಬಿತ್ತು. ಆರ್ಡಿಸ್ ಬಿಕ್ಕುತ್ತಲೇ ಕೈಯೆತ್ತಿದರು. ಡೆಲೋರಿಸ್ ಹಲ್ಲೆಲೂಯಾ ಎಂದು ಕೂಗಿದ್ದಕ್ಕೆ ಕಿಟಕಿಯ ಗಾಜು ನಡುಗಿತು. ಮತ ಎಣಿಸಿ ಆಯಿತು, ಕ್ಯಾಮೆರಾ ಆರಿಸಿ ಆಯಿತು. ಕೆಲಸ ಉಳಿಯಿತೆಂಬ ಸಂತೋಷಕ್ಕೆ ಲೋವೆಲ್ ಕೂಸಿನ ಹಣೆಗೆ ಮುತ್ತು ಕೊಟ್ಟ.

ಆಗ ಬಾಗಿಲು ದಢಾರನೆ ತೆರೆಯಿತು. ಚಳಿಗೆ ಕಿವಿ ಕೆಂಪಗಾಗಿ, ಕೂದಲಲ್ಲೆಲ್ಲ ಹಿಮ ಹಿಡಿದ ಹುಡುಗಿಯೊಬ್ಬಳು ಡ್ವೇನ್‌ನನ್ನು ತಳ್ಳಿಕೊಂಡು ಒಳಗೆ ನುಗ್ಗಿದಳು.

"ಅಪ್ಪಾ! ಮಗು ಎಲ್ಲಿ?"

ಅವಳು ನೋಡುತ್ತಿದ್ದದ್ದು ಹೌಗನ್ ಅವರನ್ನು.

"ಬ್ರಿಟಾ?" ಎಂದರು ಹೌಗನ್. "ನೀನು ಯಾವಾಗ ಬಂದೆ ಮೈನಾಟಿನಿಂದ? ಯಾವ ಮಗು?"

"ಯಾವ ಮಗುನಾ? ಪ್ರಾರ್ಥನೆ ನಡೀತಿದ್ದಾಗ ನಿನ್ನ ಕೈಗೇ ಕೊಟ್ಟೆನಲ್ಲ! 'ಹಿಡ್ಕೋ, ಕಾರ್ ನಿಲ್ಸಿ ಬರ್ತೀನಿ' ಅಂತ ಕಿವೀಲಿ ಹೇಳಿದ್ನಲ್ಲ! ಚಳಿಗೆ ಎಂಜಿನ್ ಆನ್ ಇಟ್ಟು ಬಂದಿದ್ದೆ, ಹೋಗಿ ನೋಡಿದ್ರೆ ಬಾಗಿಲು ಲಾಕ್ ಆಗಿದೆ, ಕೀ ಒಳಗೆ! ಅದನ್ನ ತೆಗ್ಸೋ ಹೊತ್ತಿಗೆ..." ಮಾತು ಅಲ್ಲಿಗೇ ನಿಂತಿತು. ಲೋವೆಲ್‌ನ ತೋಳಿನಲ್ಲಿ ಕರಡಿ ಕಿವಿ ಕಾಣಿಸಿತ್ತು. ಓಡಿ ಬಂದು ಕಿತ್ತುಕೊಂಡಳು.

ಕೈಗೆ ಬಂದ ಕೂಸನ್ನು ನೋಡದೆ ಪಕ್ಕದವರಿಗೆ ದಾಟಿಸಿದ ಗಂಡಸು ಯಾರೆಂದು ಎಲ್ಲರಿಗೂ ಒಟ್ಟಿಗೇ ತಿಳಿಯಿತು. ಹೌಗನ್ ತಮ್ಮ ಎರಡು ಕೈಗಳನ್ನೂ ಮೇಜಿನ ಕೆಳಗೆ ಇಳಿಸಿದರು.

ಆರ್ಡಿಸ್ ಮೂಗೊರೆಸಿಕೊಂಡು ಮೆಲ್ಲಗೆ ಕೇಳಿದರು, "ಮಗುವಿನ ಹೆಸರೇನಮ್ಮಾ?"

"ವರ್ಲಿನ್," ಎಂದಳು ಬ್ರಿಟಾ. "ತಾತನ ಹೆಸರೇ ಇಟ್ಟಿದ್ದೀವಿ."

ಹೌಗನ್ ಯಾರೂ ಬಾಯಿ ಬಿಡಬಾರದೆಂದು ಕೋಣೆಯಲ್ಲಿದ್ದವರೆಲ್ಲರಿಂದ ಮಾತು ತೆಗೆದುಕೊಂಡು ಹೊರಗೆ ಕಳಿಸಿ, ಲೋವೆಲ್‌ನನ್ನೂ ಡೆಲೋರಿಸ್‌ರನ್ನೂ ಮಾತ್ರ ಉಳಿಸಿಕೊಂಡರು. ಗುಡುಗಿನ ಗಂಟಲು ಈಗ ಕೆಟ್ಟ ರೇಡಿಯೋ ಥರ ಕರಕರ ಎನ್ನುತ್ತಿತ್ತು. "ನೋಡಪ್ಪಾ. ಕ್ಯಾಮೆರಾದಲ್ಲಿ ಎಷ್ಟಿದೆಯೋ ಅಷ್ಟೇ ನಡೆದಿದ್ದು. ಮಿಕ್ಕಿದ್ದು ಹೊರಗೆ ಹೋದ್ರೆ ಮಸೂದೆನ ಇನ್ನೊಂದು ಸಲ ಮತಕ್ಕೆ ಹಾಕೋ ಅಧಿಕಾರ ಅಧ್ಯಕ್ಷನಿಗಿದೆ, ತಿಳೀತಾ?"

ಲೋವೆಲ್ ಡೆಲೋರಿಸ್ ಮುಖ ನೋಡಿದ. ಡೆಲೋರಿಸ್ ಅವನ ಭುಜದ ಮೇಲೆ ಕೈಯಿಟ್ಟರು. "ನೀನು ಸುಳ್ಳು ಹೇಳ್ಬೇಕಾಗಿಲ್ಲ ಮರಿ. ಸುಮ್ಮನಿದ್ರೆ ಸಾಕು. ಎಷ್ಟು ತಾಯಂದಿರು ನಿನ್ನ ಹೆಸರು ನೆನೀತಾರೆ ಗೊತ್ತಾ?"

ಅವನು ಸುಮ್ಮನಿದ್ದ.

ಸಂಜೆಯಷ್ಟರಲ್ಲಿ ಲೋವೆಲ್‌ನ ಹೆಸರನ್ನು ಇಡೀ ರಾಜ್ಯವೇ ನೆನೆಯುತ್ತಿತ್ತು. ಮೈನಾಟಿನಿಂದ ವಿಶೆಕ್‌ವರೆಗೆ ಪ್ರತಿ ಚರ್ಚಿನ ಹೆಂಗಸರ ಫೋನಿನಲ್ಲೂ ಅವನ ತಗ್ಗಿದ ತಲೆ, ಹೌಗನ್‌ರ ಗುಡುಗಿನ ದನಿ. ನಾಲ್ಕು ಗಂಟೆಗೆ ಮಂಡಳಿಯ ಹಿರಿಯರು ತುರ್ತು ಸಭೆ ಕೂಡಿದರು. ಐದು ಗಂಟೆಗೆ ಡೆಲೋರಿಸ್ ಅವನ ಮೇಜಿನ ಮುಂದೆ ಬಂದು ನಿಂತರು. ಹುಟ್ಟಿದಾಗಿನಿಂದ ಮೊದಲ ಸಲ ಅವರ ದನಿ ಪಕ್ಕದ ಬೀದಿಗೆ ಕೇಳಿಸಲಿಲ್ಲ.

"ಲೋವೆಲ್, ಮದುವೆಯಾಗದೆ ಮಗು... ನಮ್ಮದು ಕುಟುಂಬ ಮಂಡಳಿ ಅಲ್ವೇನಪ್ಪಾ? ದಾನ ಕೊಡೋರು ಏನಂತಾರೆ?"

"ಮೇಡಂ! ಅದು ನನ್ನ ಮಗು ಅಲ್ಲ ಅಂತ ನಿಮಗೆ ಗೊತ್ತಲ್ಲ!"

"ನಂಗೆ ಗೊತ್ತು. ಹೇಳೋಹಾಗಿಲ್ಲವಲ್ಲ."

"ಮಸೂದೆ ಪಾಸಾದ್ರೆ ಕೆಲಸ ಹೋಗಲ್ಲ ಅಂದಿದ್ರಿ!"

"ಮಸೂದೆ ಪಾಸಾಗದೆ ಇದ್ರೆ ಹೋಗುತ್ತೆ ಅಂದಿದ್ದೆ. ಪಾಸಾದ್ರೆ ಏನಾಗುತ್ತೆ ಅಂತ ಹೇಳಿರಲಿಲ್ಲ," ಎಂದು ಡೆಲೋರಿಸ್ ನಿಜವಾಗಿಯೂ ಅತ್ತರು. ಹೋಗುವಾಗ ಅವನ ಮೇಜಿನ ಮೇಲೆ ಒಂದು ಪ್ಯಾಕೆಟ್ ಡೈಪರ್ ಇಟ್ಟು ಹೋದರು. ಸಿಬ್ಬಂದಿಯೆಲ್ಲ ಸೇರಿ ತರಿಸಿದ್ದಂತೆ.

ಲೋವೆಲ್ ಡೈಪರ್ ಪ್ಯಾಕೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ. ಬಾಗಿಲಲ್ಲಿ ಹಿಮದ ಮೇಲೆ ಒಂದು ಗಂಟು ಇತ್ತು. ಕೌದಿ ಸುತ್ತಿದ್ದಾರೆ. ಮುಟ್ಟಿದರೆ ಬೆಚ್ಚಗಿದೆ, ಎತ್ತಿದರೆ ಭಾರ. ಮಂಡಿಯೂರಿ ಕೂತು ಗಂಟಿಗೆ ಕಿವಿ ಹಚ್ಚಿ ಕೇಳಿದ.

"ಹಾಟ್‌ಡಿಶ್ ಕಣೋ ಅದು!" ಎಂದು ಎದುರುಮನೆ ಕಿಟಕಿಯಿಂದ ಹೇಝಲ್ ಆಂಟಿ ಕೂಗಿದರು. "ಉಪ್ಪು ಕಮ್ಮಿ ಹಾಕಿದೀನಿ, ಮಗುನೂ ತಿನ್ನಬಹುದು!"

ಲೋವೆಲ್ ಗಂಟನ್ನು ಎತ್ತಿಕೊಂಡ. ಒಳಗೆ ಹೋಗಿ ದೀಪ ಹಾಕುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅವನ ಭಾವ.

"ವೀಡಿಯೋ ನೋಡಿದ್ವಿ ಲೋವೆಲ್. ನಿಮ್ಮಕ್ಕ ಮಧ್ಯಾಹ್ನದಿಂದ ಅಳ್ತಾ ಇದ್ದಾಳೆ. ಆಗಿದ್ದು ಆಯ್ತು ಬಿಡು, ನಾವು ಬೇರೆಯವರಲ್ಲ. ನಾಳೆ ಬೆಳಿಗ್ಗೆ ಅಂಗಡಿಗೆ ಬಂದ್ಬಿಡು, ಮೂಟೆ ಇಳಿಸೋಕೆ ಜನ ಇಲ್ಲ. ಮಗುನ ಮಾತ್ರ ಕರ್ಕೊಂಡು ಬರ್ಬೇಡ, ಹಂದಿಮೇವಿನ ಧೂಳು ಕೂಸುಗಳಿಗೆ ಆಗಿಬರಲ್ಲ."