ಪರದೆಯ ಹಿಂದಿನ ಬೆಳಕು

ದೀಪಾವಳಿಯ ದಿನ ಹಣತೆ ಹಚ್ಚುವುದಕ್ಕೂ ಹೆಂಡತಿ ಗಂಡನ ಅಪ್ಪಣೆ ಕೇಳಬೇಕಾದ ಮನೆ ಇಡೀ ಸಾಗರ ಪೇಟೆಯಲ್ಲಿ ಒಂದೇ ಒಂದು ಇದೆ. ಅದು ನನ್ನ ಅಕ್ಕನ ಮನೆ. ನಮ್ಮ ಭಾವನವರಿಗೆ ಬೆಳಕು ಕಂಡರಾಗುವುದಿಲ್ಲ. ಹಾಗಂತ ಅವರೇನು ಗೂಬೆಯ ವಂಶದವರಲ್ಲ, ಕಳ್ಳರಂತೂ ಅಲ್ಲವೇ ಅಲ್ಲ. ಬಹಳ ವರ್ಷ ಫೋಟೋ ಸ್ಟುಡಿಯೋ ಇಟ್ಟುಕೊಂಡು ಬೆಳಕಿನಿಂದಲೇ ಅನ್ನ ಉಂಡವರು. ಮೊಬೈಲು ಬಂದು ಊರಿಗೆ ಊರೇ ಫೋಟೋಗ್ರಾಫರ್ ಆದಮೇಲೆ ಸ್ಟುಡಿಯೋ ಮುಚ್ಚಿದರು. ಅದರ ಡಾರ್ಕ್ ರೂಮು ಮಾತ್ರ ಅವರ ತಲೆಯೊಳಗೆ ಹಾಗೇ ಉಳಿದುಬಿಟ್ಟಿತು.

ಅದನ್ನು ಅವರು ಮಹಡಿಯ ಕೋಣೆಯಲ್ಲಿ ಮತ್ತೆ ಕಟ್ಟಲು ಹೊರಟರು. ಹೆಸರು ಹೋಮ್ ಥಿಯೇಟರ್. ಅಲ್ಲಿ ತೋರಿಸಬೇಕಾಗಿದ್ದದ್ದು ಒಂದೇ ಒಂದು ವಿಡಿಯೋ, ನೋಡಬೇಕಾಗಿದ್ದವರು ಒಬ್ಬರೇ ಪ್ರೇಕ್ಷಕರು. ನಮ್ಮ ಅಪ್ಪಯ್ಯ.

ಅಪ್ಪಯ್ಯ ಹೊಸನಗರದ ಕಡೆ ಮೇಷ್ಟ್ರಾಗಿದ್ದವರು. ಹಗಲು ಮಗ್ಗಿ, ರಾತ್ರಿ ಯಕ್ಷಗಾನ. ಹವ್ಯಾಸಿ ತಂಡದಲ್ಲಿ ಸ್ತ್ರೀವೇಷ ಅವರದು. ಅವರು ರಾಣಿಯಾಗಿ ರಂಗಕ್ಕೆ ಬಂದರೆ ಮುಂದೆ ಕೂತ ಹೆಂಗಸರು ತಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದರಂತೆ. ಆದರೆ ಆ ರಾಣಿಯನ್ನು ಅಪ್ಪಯ್ಯ ಒಮ್ಮೆಯೂ ನೋಡಿರಲಿಲ್ಲ. ಹೇಗೆ ನೋಡಿಯಾರು? ವೇಷ ಕಟ್ಟುವ ಚೌಕಿಯ ಕೈಗನ್ನಡಿಯಲ್ಲಿ ಒಮ್ಮೆ ಹುಬ್ಬು, ಒಮ್ಮೆ ತುಟಿ ಕಂಡದ್ದಷ್ಟೇ. "ಎದುರಿಂದ ಹೇಗೆ ಕಾಣ್ತಿತ್ತೋ ಏನೋ, ಒಂದ್ಸಲ ನೋಡ್ಬೇಕಿತ್ತು" ಎಂದು ಆಗಾಗ ಹೇಳುತ್ತಿದ್ದರು. ಬದುಕಿನಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ವಿಡಿಯೋ ತೆಗೆದವರು ಭಾವನವರೇ, ಮದುವೆಯಾದ ಹೊಸದರಲ್ಲಿ. ಕ್ಯಾಮರಾದ ಮೇಲೆ ಲೈಟೂ ಇತ್ತು. ಆದರೆ ಹೊಸ ಅಳಿಯ ನೋಡಿ! ಮಾವನ ಮುಖಕ್ಕೆ ನೇರವಾಗಿ ಲೈಟು ಬಿಡುವುದೇ? ಮರ್ಯಾದೆ ಬೇಡವೇ? ಆರಿಸಿಬಿಟ್ಟರು. ರಂಗದ ಮೇಲೆ ಮಿಣಮಿಣ ಎನ್ನುತ್ತಿದ್ದ ಬಲ್ಬುಗಳನ್ನೇ ನಂಬಿ ಇಡೀ ಆಟ ಶೂಟಿಂಗ್ ಆಯಿತು. ಟಿವಿಗೆ ಹಾಕಿ ನೋಡಿದರೆ ಕಪ್ಪಿನೊಳಗೆ ಒಂದು ಕಂದು ಮಸುಕು ಆಚೆಯಿಂದ ಈಚೆಗೆ ಬರುತ್ತದೆ, ಈಚೆಯಿಂದ ಆಚೆಗೆ ಹೋಗುತ್ತದೆ. "ಭಾವ, ಇದರಲ್ಲಿ ಕರಡಿ ಯಾವುದು, ಅಪ್ಪಯ್ಯ ಯಾರು?" ಎಂದು ಕೇಳಿ ನಾನು ಅಕ್ಕನಿಂದ ಬೈಸಿಕೊಂಡಿದ್ದೆ. ಭಾವ ನಗಲಿಲ್ಲ. "ಸರಿಯಾಗಿ ಬಂದಿಲ್ಲ ಮಾವ" ಎಂದು ಅಪ್ಪಯ್ಯನಿಗೆ ಹೇಳಿ, ಕ್ಯಾಸೆಟ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಅಮ್ಮ ತೀರಿಕೊಂಡ ಮೇಲೆ ಅಪ್ಪಯ್ಯ ಅಕ್ಕನ ಮನೆಗೆ ಬಂದರು. ಬಂದ ಸ್ವಲ್ಪ ಕಾಲಕ್ಕೆ ಮರೆವು ಶುರುವಾಯಿತು. ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿಡುವುದು, ಸ್ನಾನ ಮಾಡಿ ಬಂದು ಮತ್ತೆ ಸ್ನಾನಕ್ಕೆ ಹೋಗುವುದು. ಡಾಕ್ಟರು, ಇದು ಹೆಚ್ಚುತ್ತಲೇ ಹೋಗುವಂಥದ್ದು ಎಂದರು. ಅಕ್ಕ ಅವತ್ತೇ ಗಂಡನಿಗೆ ಹೇಳಿದಳು, "ಆ ವಿಡಿಯೋ ಬೇಗ ತೋರಿಸಿಬಿಡಿ. ಅವರಿಗೆ ಅವರ ಗುರ್ತು ಇರುವಾಗ್ಲೇ."

ಭಾವ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸಿದರು. ಪ್ರೊಜೆಕ್ಟರ್ ತಂದರು, ಪರದೆ ತಂದರು. ಒಂದು ಸಂಜೆ ತಾವೊಬ್ಬರೇ ಕೂತು ಹಾಕಿ ನೋಡಿದರಂತೆ. ಕರೆಂಟ್ ಕೈಕೊಟ್ಟು ಬೀದಿದೀಪಗಳೂ ಆರಿದ್ದ ಸಂಜೆ. ಇವರದು ಯುಪಿಎಸ್ಸಿನಲ್ಲಿ ಓಡಿತು. ಆಗ ಅರೆಗಳಿಗೆ ರಾಣಿಯ ಮುಖ ಕಂಡಿತಂತೆ. ಕಣ್ಣು, ಮೂಗುತಿ, ಎಲ್ಲ. ಅಷ್ಟರಲ್ಲಿ ಕರೆಂಟ್ ಬಂತು, ಬೀದಿದೀಪ ಹತ್ತಿಕೊಂಡಿತು, ರಾಣಿ ಮತ್ತೆ ಕರಡಿಯಾದಳು. ಪರದೆಯ ಹಿಂದೆ ಸರಿಯಾಗಿ ಒಂದು ಕಿಟಕಿಯಿತ್ತು. ತೆಳು ಬಟ್ಟೆಯ ಪರದೆ, ಹಿಂದಿನ ಬೆಳಕನ್ನೆಲ್ಲ ಮುಂದಕ್ಕೆ ದಾಟಿಸುತ್ತಿತ್ತು. ಅವತ್ತಿನಿಂದ, ನಾಡಿಗೆಲ್ಲ ಕರೆಂಟ್ ಕೊಡುವ ಲಿಂಗನಮಕ್ಕಿ ಅಣೆಕಟ್ಟಿನ ಪಕ್ಕದಲ್ಲೇ ಇದ್ದುಕೊಂಡು ಕರೆಂಟ್ ಹೋದರೆ ಖುಷಿಪಡುವ ಏಕೈಕ ಗ್ರಾಹಕರೆಂದರೆ ನಮ್ಮ ಭಾವ.

ನೀವು ಕೇಳುವುದನ್ನೆಲ್ಲ ನಾನೂ ಕೇಳಿದ್ದೇನೆ. ಬೇರೆ ಗೋಡೆಗೆ ಪರದೆ ಕಟ್ಟಬಾರದಿತ್ತೇ? ಪ್ರೊಜೆಕ್ಟರಿಗೆ ಬೇಕಾದಷ್ಟು ದೂರ ಸಿಗುವುದು ಆ ಗೋಡೆಗೊಂದಕ್ಕೇ. ಕಿಟಕಿಗೆ ಇಟ್ಟಿಗೆ ಇಡಬಾರದಿತ್ತೇ? ಗಾಳಿ ಬರುವ ಕಿಟಕಿ ಮುಚ್ಚಿದರೆ ತಾನು ತವರಿಗೆ ಹೋಗುತ್ತೇನೆಂದು ಅಕ್ಕ ಹೆದರಿಸಿದ್ದಳು. ತವರೇ ಅವಳ ಮನೆಗೆ ಬಂದು ಕೂತಿದೆ ಎನ್ನುವುದು ಸಿಟ್ಟಿನಲ್ಲಿ ಅವಳಿಗೆ ಹೊಳೆದಿರಲಿಲ್ಲ. ಇನ್ನು, ಕತ್ತಲಾದ ಮೇಲೆ ತೋರಿಸೋಣವೆಂದರೆ ಕಿಟಕಿಯೆದುರೇ ಆ ಬೀದಿದೀಪ. ಸಾಲದ್ದಕ್ಕೆ ಸಂಜೆಯಾಯಿತೆಂದರೆ ಅಪ್ಪಯ್ಯನಿಗೆ ಎಲ್ಲ ಕಲಸಿಹೋಗುತ್ತಿತ್ತು. ಊಟವಾದ ಮೇಲಿನ ಮಧ್ಯಾಹ್ನದ ಹೊತ್ತಿಗೆ ಮಾತ್ರ ಅವರು ಅವರಾಗಿರುತ್ತಿದ್ದರು. ಅಂದರೆ ನೆತ್ತಿಯ ಮೇಲೆ ಸೂರ್ಯನಿರುವಾಗ ಅಮಾವಾಸ್ಯೆಯಾಗಬೇಕು!

ಭಾವ ಮೊದಲು ಬಟ್ಟೆ ಅಂಗಡಿಗೆ ಹೋದರು. ಜೇಬಿನಲ್ಲಿ ಟಾರ್ಚು. ಕಪ್ಪು ಬಟ್ಟೆಯ ಥಾನು ಬಿಚ್ಚಿಸುವುದು, ಹಿಂದಿನಿಂದ ಟಾರ್ಚು ಬಿಟ್ಟು ನೋಡುವುದು, ತಲೆ ಅಲ್ಲಾಡಿಸುವುದು. ಅಂಗಡಿಯಾತ ತಾಳ್ಮೆಯಿಂದ ಕೇಳಿದ, "ಎಂಥಕ್ಕೆ ಸಾರ್, ಲಂಗಕ್ಕಾ, ಛತ್ರಿಗಾ?"

"ಕಿಟಕಿಗೆ. ಬೆಳಕು ಬರಬಾರದು."

"ಬೆಳಕು ಬರಬಾರದು ಅಂದ್ರೆ ಕಿಟಕಿ ಯಾಕೆ ಇಟ್ರಿ ಸಾರ್?"

ಭಾವ ಆ ಅಂಗಡಿಗೆ ಮತ್ತೆ ಹೋಗಲಿಲ್ಲ.

ಆಮೇಲೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ. ಕಿಟಕಿಯ ಗಾಜಿಗೆಲ್ಲ ಹೊರಗಿನಿಂದ ಅಂಟಿಸಿದರು. ಒಳಗೆ ಕತ್ತಲೇನೋ ಆಯಿತು, ಆದರೆ ಮಧ್ಯಾಹ್ನದ ಬಿಸಿಲೆಲ್ಲ ಹಾಳೆಗೆ ಬಡಿದು ಎದುರುಮನೆಯ ಒಳಗೆ ಹೋಗತೊಡಗಿತು. ಆ ಮನೆಯ ಅಜ್ಜಿಗೆ ಊಟದ ಮೇಲೆ ಮಲಗುವ ಅಭ್ಯಾಸ. ಮೂರನೇ ದಿನ ಕೋಲೂರಿಕೊಂಡು ಬಂದರು. "ಮಾರಾಯ, ಸ್ಟುಡಿಯೋ ಇದ್ದಾಗ ಫೋಟೋ ತೆಗಿ ಅಂದ್ರೆ ಎರಡು ಸಲ ಫ್ಲ್ಯಾಷ್ ಹೊಡಿಯಕ್ಕೂ ಹಿಂದೆಮುಂದೆ ನೋಡ್ತಿದ್ದೆ. ಈಗ ದಿನಾ ಪುಕ್ಕಟೆ ಹೊಡೀತಿದ್ದೀಯಲ್ಲ" ಎಂದರು. ಹಾಳೆ ಕಿತ್ತುಹಾಕಿದ್ದಾಯಿತು.

ನಾನು ಇರುವುದು ತೀರ್ಥಹಳ್ಳಿಯಲ್ಲಿ. ಒಂದು ಬೆಳಿಗ್ಗೆ ಭಾವನವರ ಫೋನು. "ಬರ್ತಾ ಹೊಸನಗರದಲ್ಲಿ ಇಳಿದು ಕರೀ ಕಂಬಳಿ ತಗೊಂಡು ಬಾ ಮಾರಾಯ. ದಪ್ಪದ್ದು." ಚಳಿಗಾಲವೂ ಅಲ್ಲ, ಮಳೆಗಾಲವೂ ಅಲ್ಲ. ಕಂಕುಳಲ್ಲಿ ಕಂಬಳಿ ಇರುಕಿಕೊಂಡು ಬಸ್ಸಿನಲ್ಲಿ ಬೆವರುತ್ತಾ ಕೂತವನನ್ನು ಪಕ್ಕದವರು ಕನಿಕರದಿಂದ ನೋಡಿ ಜಾಗ ಬಿಟ್ಟುಕೊಟ್ಟರು. ಪರದೆಯ ಹಿಂದೆ ಕಂಬಳಿ ತೂಗಿಬಿಟ್ಟು ಬಾಗಿಲು ಹಾಕಿದೆವು. ನಿಜಕ್ಕೂ ಗಾಢ ಕತ್ತಲು. ಒಂದು ನಿಮಿಷ ಬಿಟ್ಟು ನೋಡುತ್ತೇವೆ, ಕಂಬಳಿಯ ನೇಯ್ಗೆಯ ಸಂದಿಸಂದಿಯಲ್ಲೂ ಸಣ್ಣ ಸಣ್ಣ ಚುಕ್ಕಿ! ಪರದೆಯ ತುಂಬ ನಕ್ಷತ್ರ ಹರಡಿದಂತಿತ್ತು. ನನಗೆ ಚೆಂದ ಕಂಡಿತು, ಹಾಗೆಂದು ಹೇಳಿದೆ ಕೂಡ. ಎರಡು ಕಂಬಳಿ ಯಾಕೆ ತರಲಿಲ್ಲವೆಂದು ಭಾವ ನನ್ನನ್ನೇ ಬೈದರು.

ಆ ಸಲ ಅಪ್ಪಯ್ಯ ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಆದರೆ ಮಧ್ಯಾಹ್ನ ಊಟದ ನಂತರ ತಾವಾಗಿಯೇ ಕೇಳಿದರು, "ಎಂಥದಾ, ನನ್ನ ಆಟ ತೋರಿಸ್ತೇನೆ ಅಂದಿದ್ನಲ್ಲ ನಿನ್ನ ಭಾವ, ಎಲ್ಲಿಗೆ ಬಂತು?" ಅಕ್ಕ ಒಳಗಿನಿಂದ ಬಂದು ಗಂಡನಿಗೆ ಹೇಳಿದಳು, "ನೋಡಿ, ಇವತ್ತು ಎಲ್ಲ ನೆನಪಿದೆ ಅವರಿಗೆ. ಕಂಡಷ್ಟು ಕಾಣ್ಲಿ, ಹಾಕಿ." ಭಾವ ಒಪ್ಪಲಿಲ್ಲ. "ಇಷ್ಟು ವರ್ಷ ಕಾದವರಿಗೆ ಮಸುಕು ತೋರಿಸೋದಾ? ಅವರ ಮುಖ ಅವರಿಗೆ ಕಾಣ್ಬೇಕು. ಇನ್ನೊಂದು ವಾರ ಅಷ್ಟೇ." ಆ ಮಾತಿನಲ್ಲಿ ಹಟ ಇರಲಿಲ್ಲ, ಪ್ರೀತಿಯೇ ಇತ್ತು.

ಆ ಒಂದು ವಾರ ಮಳೆಗಾಲ ದಾಟಿತು, ಚಳಿಗಾಲ ದಾಟಿತು. ಗೋಡೆಗೆ ಪರದೆಯ ಹಿಂಬದಿಯಲ್ಲಿ ಕಪ್ಪು ಬಣ್ಣ ಬಳಿದದ್ದು, ಅಕ್ಕ ಮೂರು ದಿನ ಮಹಡಿ ಹತ್ತದಿದ್ದದ್ದು, ಪರದೆಯ ಅಂಚಿಗೆ ಹಳೇ ಸೈಕಲ್ ಟ್ಯೂಬು ಸೀಳಿ ಬಡಿದದ್ದು, ಅದರ ವಾಸನೆಗೆ ಎಲ್ಲರಿಗೂ ತಲೆನೋವು ಬಂದದ್ದು, ಒಂದೇ ಎರಡೇ?

ಮನೆಗೆ ಬಂದ ನೆಂಟರಿಗೆ ಕಾಫಿಗೆ ಮೊದಲು ಕತ್ತಲೆ ಸಿಗುತ್ತಿತ್ತು. ವರದಹಳ್ಳಿಗೆ ಹೋಗಿಬಂದು ತೀರ್ಥಪ್ರಸಾದ ಕೊಡಲು ಬಂದವರನ್ನೂ ಬಿಟ್ಟವರಲ್ಲ. ಮಹಡಿಗೆ ಕರೆದೊಯ್ದು, ಬಾಗಿಲು ಹಾಕಿ, ಕಣ್ಣು ಪಳಗುವ ತನಕ ಕೂರಿಸಿ, "ಈಗ ನಿಮ್ಮ ಕೈ ಮುಖದೆದುರು ಆಡಿಸಿ. ಕಾಣ್ತದಾ?" ಎಂದು ಕೇಳುವುದು. ತಮ್ಮ ಕೈಯನ್ನು ತಾವೇ ಆಡಿಸುವಾಗ ಯಾರಿಗೆ ತಾನೇ ಕಂಡಂತೆ ಆಗುವುದಿಲ್ಲ? ಎಲ್ಲರೂ "ಸ್ವಲ್ಪ ಕಾಣ್ತದೆ" ಎನ್ನುವವರೇ. ಭಾವ ನಿಟ್ಟುಸಿರುಬಿಟ್ಟು ಮತ್ತೆ ಪರದೆಯ ಹಿಂದೆ ತೂರಿಕೊಳ್ಳುವರು. ಎಷ್ಟೋ ಸಲ ಇಲ್ಲದ ಬೆಳಕನ್ನು ಹುಡುಕಿದ್ದರೆಂದು ಈಗ ನನಗೆ ಅನಿಸುತ್ತದೆ.

ಇದೇ ಗುಂಗಿನಲ್ಲಿ ತೀರ್ಥಹಳ್ಳಿಯಲ್ಲಿ ನಮ್ಮ ದಾಯಾದಿಯೊಬ್ಬರ ಮಗಳ ಮದುವೆಗೆ ಬಂದರು. ಛತ್ರದಲ್ಲಿ ವಧೂವರರ ಫೋಟೋಗಳನ್ನು ದೊಡ್ಡ ಪರದೆಯ ಮೇಲೆ ತೋರಿಸುತ್ತಿದ್ದರು. ಮೊದಲು ಎಲ್ಲ ಪೇಲವವಾಗಿತ್ತು. ಇದ್ದಕ್ಕಿದ್ದಂತೆ ವಧುವಿನ ಸೀರೆಗೆ ಬಣ್ಣ ಬಂತು, ವರನ ಮೀಸೆ ಕಂಡಿತು, ಜನ ಚಪ್ಪಾಳೆ ತಟ್ಟಿದರು. ಅಕ್ಕ ಮಾತ್ರ ನನ್ನ ತೋಳು ಚಿವುಟಿದಳು. ನೋಡಿದರೆ ಪರದೆಯ ಕೆಳಗೆ ಎರಡು ಕಾಲು! ಅಡಿಗೆಮನೆ ಬಾಗಿಲಿಂದ ಹಿಂದೆ ಬೆಳಕು ಸೋರುತ್ತಿತ್ತೆಂದು ಭಾವನವರು ಛತ್ರದ ಜಮಖಾನ ಎತ್ತಿ ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತುಬಿಟ್ಟಿದ್ದರು. ಫೋಟೋಗಳೆಲ್ಲ ಮುಗಿಯುವ ತನಕ ಕದಲಲಿಲ್ಲ. ಹೋಳಿಗೆಯ ಪಂಕ್ತಿಯೂ ತಪ್ಪಿತು.

ಆ ದಿನ ಅಪ್ಪಯ್ಯ ಮದುವೆಗೆ ಬಂದಿರಲಿಲ್ಲ. ಅಷ್ಟು ಹೊತ್ತಿಗೆ ಅವರನ್ನು ಹೊರಗೆ ಕರೆದೊಯ್ಯುವುದು ಕಷ್ಟವಾಗಿತ್ತು. ಅಕ್ಕನನ್ನು ಒಮ್ಮೊಮ್ಮೆ ಅಮ್ಮನ ಹೆಸರು ಹಿಡಿದು ಕರೆಯುತ್ತಿದ್ದರು.

ಕೊನೆಗೆ ಒಂದು ದಿನ ಭಾವನವರ ಫೋನು ಬಂತು. ಸ್ವರ ಮೆಲ್ಲಗಿತ್ತು. "ಬಾ. ಸೋರೋದೆಲ್ಲ ನಿಂತಿದೆ. ಒಂದು ಹನಿ ಬೆಳಕಿಲ್ಲ."

ಹೋದೆ. ಕಿಟಕಿಗೆ ಕಳಚಿ ಇಡಬಹುದಾದ ಮರದ ಹಲಗೆ, ಅದರ ಮೇಲೆ ಎರಡು ಪದರ ಕಂಬಳಿ, ಆಮೇಲೆ ಛತ್ರಿ ಬಟ್ಟೆ, ಸುತ್ತ ರಬ್ಬರು. ಊಟವಾದ ಮೇಲೆ ಅಪ್ಪಯ್ಯನನ್ನು ಕೈಹಿಡಿದು ಮಹಡಿಗೆ ಹತ್ತಿಸಿ ಬೆತ್ತದ ಕುರ್ಚಿಯಲ್ಲಿ ಕೂರಿಸಿದೆವು. ಭಾವ ಗುಂಡಿ ಒತ್ತಿದರು. ಚಂಡೆ, ಮದ್ದಲೆ ಕೇಳಿತು. ಕಪ್ಪಿನೊಳಗಿಂದ ರಾಣಿ ಬಂದಳು. ಮಸುಕಲ್ಲ, ಕರಡಿಯಲ್ಲ. ಕಣ್ಣು ಕಂಡಿತು, ಮೂಗುತಿ ಕಂಡಿತು, ಗಲ್ಲದ ಕೆಳಗಿನ ಬೆವರೂ ಕಂಡಿತು. ಭಾವ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನನ್ನ ಅಪ್ಪ ಅಷ್ಟು ಸುಂದರವಾಗಿದ್ದರೆಂದು ನನಗೂ ಅವತ್ತೇ ತಿಳಿದದ್ದು.

ಅಪ್ಪಯ್ಯ ಅಲುಗಾಡದೆ ನೋಡಿದರು. ಸುಮಾರು ಹೊತ್ತಾದ ಮೇಲೆ ಕೇಳಿದರು, "ಯಾರದು ವೇಷ?"

ಅಕ್ಕ ಹೇಳಿದಳು, "ಗೊತ್ತಾಗ್ಲಿಲ್ವಾ ಅಪ್ಪಯ್ಯ?"

"ಇಲ್ಲ. ನಮ್ಮ ತಂಡದವ ಅಲ್ಲ. ನಮ್ಮಲ್ಲಿ ಇಷ್ಟು ಚೆಂದ ಮಾಡೋರು ಯಾರೂ ಇರ್ಲಿಲ್ಲ."

"ನೀವೇ ಅಪ್ಪಯ್ಯ ಅದು."

ಅಪ್ಪಯ್ಯ ನಕ್ಕರು. "ಸುಮ್ನಿರು ಮಾರಾಯ್ತಿ. ನಂದೆಲ್ಲ ಸಾಧಾರಣ. ಇವ ನೋಡು, ನಿಂತಲ್ಲೇ ಹೇಗೆ ತುಂಬಿಕೊಳ್ತಾನೆ ರಂಗ."

ಆ ಕೋಣೆಯಲ್ಲಿ ಯಾರ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ. ಪ್ರೊಜೆಕ್ಟರಿನ ಹತ್ತಿರ ಯಾರೋ ಮೂಗು ಎಳೆದುಕೊಂಡ ಸದ್ದು ಮಾತ್ರ ಕೇಳಿತು. ಆಮೇಲೆ ಕೆಳಗೆ ಜಗಲಿಯಲ್ಲಿ ಭಾವ ನನ್ನೆದುರು ಹೇಳಿದರು, "ಅವತ್ತು ನಿನ್ನಕ್ಕ ಹೇಳಿದಾಗ್ಲೇ ಹಾಕ್ಬೇಕಿತ್ತು. ಮಸುಕಲ್ಲೇ ಆಗ್ಲಿ. ಮಸುಕಾದ್ರೂ, ಅದು ತಾನೇ ಅಂತ ಗೊತ್ತಾಗ್ತಿತ್ತು ಅವರಿಗೆ."

ಅಪ್ಪಯ್ಯ ಮಾತ್ರ ಬಹಳ ಸಂತೋಷದಲ್ಲಿದ್ದರು. ಕಾಫಿ ಕುಡಿಯುತ್ತಾ ಅಳಿಯನನ್ನು ಕರೆದು, "ಆ ಹುಡುಗ ಯಾವ ಊರಿನವ ಅಂತ ವಿಚಾರಿಸು. ನಮ್ಮಲ್ಲಿಗೆ ಕರೆಸಿ ಒಂದು ಶಾಲು ಹೊದಿಸ್ಬೇಕು. ಕಲಾವಿದರಿಗೆ ಸಮಯಕ್ಕೆ ಸರಿಯಾಗಿ ಅದೊಂದು ಆಗ್ಬೇಕು ನೋಡು" ಎಂದರು. ಊರೂರು ಅಲೆದು ಕುಣಿದ ಅಪ್ಪಯ್ಯನಿಗೆ ಯಾರೂ ಒಂದು ಶಾಲು ಹೊದಿಸಿರಲಿಲ್ಲ. ಹವ್ಯಾಸಿ ವೇಷಧಾರಿ, ಅದೂ ಶಾಲೆ ಮೇಷ್ಟ್ರು, ಯಾರಿಗೆ ಹೊಳೆಯಬೇಕು? ಮಕ್ಕಳಾದ ನಮಗೂ ಹೊಳೆದಿರಲಿಲ್ಲ.

ಭಾವ ನೇರ ಪೇಟೆಗೆ ಹೋದರು. ಜರಿಯಂಚಿನ ಶಾಲು ತಂದು, ಕುರ್ಚಿಯಲ್ಲಿದ್ದ ಅಪ್ಪಯ್ಯನಿಗೆ ಎರಡೂ ಕೈಯಿಂದ ಹೊದಿಸಿ, ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅಪ್ಪಯ್ಯ ಗಾಬರಿಯಾಗಿ ಶಾಲನ್ನು ಹೆಗಲಿನಿಂದ ತೆಗೆದರು. ಜೋಪಾನವಾಗಿ ಮಡಿಸಿ, ಅಳಿಯನ ಕೈಗೆ ವಾಪಸು ಕೊಟ್ಟರು.

"ನನಗೆ ಯಾಕೆ ಮಾರಾಯ? ಅವನಿಗೆ ತೆಗೆದಿಡು. ಪಾಪ, ಅವನ್ನ ಇಷ್ಟು ದಿನ ಯಾರೂ ನೋಡೇ ಇಲ್ಲ."